ಮ್ಯಾಕ್ಸ್‌ಎಂಟ್ 3.4: ಪುಕ್ಕಟೆ ಸಿಗುತ್ತೆ, ಡೀಫಾಲ್ಟ್ ನಂಬಬೇಡಿ

ಬೋರ್ನಿಯೊ, ಸುಮಾತ್ರಾಗಳ ಜೌಗುಕಾಡಿನ ಚಪ್ಪಟೆ ತಲೆಯ ಬೆಕ್ಕಿನಂಥ ಅಪರೂಪದ ಪ್ರಾಣಿಗೆ ಆವಾಸ ನಕ್ಷೆ ಮಾಡಬೇಕೆಂದರೆ ಮ್ಯಾಕ್ಸ್‌ಎಂಟ್ ಎಂಬ ಈ ತಂತ್ರಾಂಶ ಇಂದಿಗೂ ಒಳ್ಳೆಯ ಆಯ್ಕೆ. ಕಂಡ ಜಾಗಗಳ ಪಟ್ಟಿ ಸಾಕು, 'ಇಲ್ಲಿ ಇಲ್ಲ' ಎಂಬ ದಾಖಲೆ ಬೇಡ.

ಆ ಪಟ್ಟಿಯ ಸಿಎಸ್‌ವಿ ಕಡತದಲ್ಲಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಕೋಷ್ಟಕ) ಕಾಲಂಗಳ ಕ್ರಮ ಹೀಗಿರಲಿ: ಪ್ರಭೇದ, ರೇಖಾಂಶ, ಅಕ್ಷಾಂಶ. ಕೊನೆಯ ಎರಡು ಅದಲುಬದಲಾದರೆ ಬಿಂದುಗಳು ನಕ್ಷೆಯಾಚೆ ಬೀಳುತ್ತವೆ. ಎಲ್ಲ ಎಎಸ್‌ಸಿ ಪದರಗಳ (ಎತ್ತರ, ಭೂಬಳಕೆಯಂಥ ಮಾಹಿತಿಯನ್ನು ಚೌಕಚೌಕವಾಗಿ ಇಟ್ಟ ನಕ್ಷೆ ಕಡತಗಳು) ಅಂಚು, ಚೌಕದ ಅಳತೆ ಕರಾರುವಾಕ್ಕಾಗಿ ಒಂದೇ ಇರಬೇಕು. ದಶಮಾಂಶದ ಕೊನೆಯಲ್ಲಿ ವ್ಯತ್ಯಾಸವಾದರೂ ಓಡುವುದಿಲ್ಲ. ದೊಡ್ಡ ಪ್ರದೇಶವಾದರೆ ತಂತ್ರಾಂಶ ಓಡಿಸುವ ಜಾವಾಗೆ (ದ್ವೀಪವಲ್ಲ, ಕಂಪ್ಯೂಟರ್ ವೇದಿಕೆ) ಮೆಮೊರಿ ಹೆಚ್ಚಿಸಿ.

ನಿಜವಾದ ತಲೆನೋವು ದತ್ತಾಂಶದ್ದು. ಹಳೆಯ ಮ್ಯೂಸಿಯಂ ದಾಖಲೆಯ ಜಾಗದಲ್ಲಿ ಈಗ ತಾಳೆ ತೋಟವಿರಬಹುದು. ಅದಕ್ಕೆ ಇಂದಿನ ಭೂಬಳಕೆ ಪದರ ಜೋಡಿಸಿದರೆ ಬೆಕ್ಕಿಗೆ ತೋಟವೇ ಇಷ್ಟ ಎಂದು ಮಾದರಿ ಕಲಿಯುತ್ತದೆ! ಎಸ್‌ಆರ್‌ಟಿಎಂ (ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದ) ಎತ್ತರವೂ ದಟ್ಟ ಕಾಡಿನಲ್ಲಿ ನೆಲದ್ದಲ್ಲ, ಬಹುಪಾಲು ಮರದ ಮೇಲಾವರಣದ್ದು. ತಗ್ಗುನೆಲದ ಪ್ರಾಣಿಗೆ ಆ ಕೆಲವು ಮೀಟರ್ ಸಣ್ಣ ವಿಷಯವಲ್ಲ. ಪ್ರಾಣಿಯನ್ನು ದಾಖಲಿಸುವ ಕ್ಯಾಮೆರಾಗಳು ಹೊಳೆ, ದಾರಿ ಪಕ್ಕದಲ್ಲೇ ಇದ್ದರೆ ಬಯಾಸ್ ಫೈಲ್ (ಎಲ್ಲಿ ಎಷ್ಟು ಹುಡುಕಿದ್ದೇವೆ ಎಂದು ಹೇಳುವ ಪದರ) ಕೊಡಿ; ಅದರಲ್ಲಿ ಸೊನ್ನೆ ಬೇಡ.

10,000 ಹಿನ್ನೆಲೆ ಬಿಂದು (ಹೋಲಿಕೆಗೆ ಪ್ರದೇಶದಿಂದ ಆರಿಸುವ ಜಾಗಗಳು), ರೆಗ್ಯುಲರೈಸೇಶನ್ (ಮಾದರಿ ಅತಿ ಜಟಿಲವಾಗದಂತೆ ಹಿಡಿಯುವ ಕಡಿವಾಣ) 1 ಎಂಬುದು ಡೀಫಾಲ್ಟ್, ಅಂದರೆ ತಂತ್ರಾಂಶ ತಾನಾಗಿ ಇಡುವ ಬೆಲೆ. ದಾಖಲೆ ಕಡಿಮೆಯಿದ್ದರೆ ಲೀನಿಯರ್ (ನೇರ ರೇಖೆ), ಕ್ವಾಡ್ರಾಟಿಕ್ (ವರ್ಗದ ವಕ್ರರೇಖೆ) ಸಂಬಂಧಗಳನ್ನು ಮಾತ್ರ ಇಟ್ಟು, ರೆಗ್ಯುಲರೈಸೇಶನ್ ಅನ್ನು 1ರಿಂದ 4ರವರೆಗೆ ಅರ್ಧರ್ಧ ಏರಿಸಿ ನೋಡಿ. ಎಯುಸಿ (ಮಾದರಿಯ ಗುಣಮಟ್ಟದ ಅಂಕ, ಗರಿಷ್ಠ 1) 0.95 ಬಂತೆಂದು ಬೀಗಬೇಡಿ: ಹಿನ್ನೆಲೆ ಪ್ರದೇಶ ಹಿಗ್ಗಿಸಿದರೆ ಅದೂ ಏರುತ್ತದೆ.

ಜಾವಾ ಬೇಡವೆನ್ನುವವರಿಗೆ ಆರ್ ಎಂಬ ಸಂಖ್ಯಾಶಾಸ್ತ್ರದ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮ್ಯಾಕ್ಸ್‌ನೆಟ್ ಪ್ಯಾಕೇಜ್ ಇದೆ. ಜೊತೆಗೆ ಇಎನ್‌ಎಂಇವಾಲ್ ಪ್ಯಾಕೇಜ್ ಹಾಕಿಕೊಂಡರೆ ಪ್ರದೇಶವಾರು ಪರೀಕ್ಷೆಯೂ (ಒಂದು ಭಾಗ ಬಿಟ್ಟು ಕಲಿಸಿ, ಆ ಭಾಗದಲ್ಲೇ ಪರೀಕ್ಷಿಸುವುದು) ಸಲೀಸು.