ಕೆನಡಾನಾ, ಇಂಗ್ಲೆಂಡಾ? ಎರಡೂ ಕಡೆ ಪರೀಕ್ಷೆ ಬರೆದು ನೋಡಿದೆ

ಬೆಳಗಾವಿ ಕೋರ್ಟಿನಲ್ಲಿ ಆರು ವರ್ಷ ಸಿವಿಲ್ ಕೇಸು ನಡೆಸಿದವನು ನಾನು. ಹೊರದೇಶದಲ್ಲಿ ವಕೀಲಿಕೆ ಮಾಡೋಣ ಅನ್ನಿಸಿದಾಗ ಮೊದಲು ಕೆನಡಾದ ಎನ್‌ಸಿಎ, ಅಂದರೆ ಹೊರದೇಶದಲ್ಲಿ ಕಾನೂನು ಓದಿದವರಿಗಿರುವ ಪರೀಕ್ಷೆಯ ಪೇಪರ್ ಎರಡು ಬರೆದೆ. ಆಮೇಲೆ ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಆಗಲು ಬರೆಯುವ ಎಸ್‌ಕ್ಯೂಇ ಪರೀಕ್ಷೆಯ ಮೊದಲ ಹಂತಕ್ಕೆ ಕೂತೆ.

ಎನ್‌ಸಿಎ ನಮ್ಮಂಥವರಿಗೆ ಬೇಗ ಒಗ್ಗುತ್ತದೆ. ಮನೆಯಲ್ಲೇ, ಕ್ಯಾಮೆರಾ ಮುಂದೆ, ನೋಟ್ಸ್ ತೆರೆದಿಟ್ಟುಕೊಂಡು ಬರೆಯುವುದು. ಮೂರು ಗಂಟೆ, ಶೇ. 50 ಬಂದರೆ ಪಾಸು. ಟಿಳಕವಾಡಿಯ ಝೆರಾಕ್ಸ್ ಅಂಗಡಿಯಲ್ಲಿ ನೋಟ್ಸ್‌ಗೆ ಸ್ಪೈರಲ್ ಹಾಕಿಸಿ, ಅಂಚಿಗೆಲ್ಲ ಬಣ್ಣದ ಚೀಟಿ ಅಂಟಿಸಿದ್ದೆ. ಅವರ 1867ರ ಸಂವಿಧಾನ ಕಾಯ್ದೆಯ 91 ಮತ್ತು 92ನೇ ಸೆಕ್ಷನ್ ಓದುವಾಗ ನಮ್ಮ ಸಂವಿಧಾನದ ಏಳನೇ ಶೆಡ್ಯೂಲೇ ನೆನಪಾಯಿತು. ಕೇಂದ್ರಕ್ಕೆಷ್ಟು, ಪ್ರಾಂತ್ಯಕ್ಕೆಷ್ಟು ಅನ್ನುವ ಅದೇ ಜಗಳ. ಉತ್ತರ ಬರೆಯುವುದೂ ಕೋರ್ಟಿಗೆ ಲಿಖಿತ ವಾದ ಕೊಟ್ಟ ಹಾಗೇ.

ಎಸ್‌ಕ್ಯೂಇಯಲ್ಲಿ ಪೆನ್ನಿಗೆ ಕೆಲಸವೇ ಇಲ್ಲ. ಎರಡು ಪೇಪರ್, ಒಂದೊಂದರಲ್ಲಿ 180 ಪ್ರಶ್ನೆ, ಪ್ರತಿಯೊಂದಕ್ಕೂ ಐದು ಉತ್ತರ. ಐದರಲ್ಲಿ ಮೂರು ಸರಿಯೇ ಅನ್ನಿಸುತ್ತವೆ! ಒಂದು ಪ್ರಶ್ನೆಗೆ ಸಿಗುವುದು ಎರಡು ನಿಮಿಷಕ್ಕೂ ಕಡಿಮೆ. ಪುಸ್ತಕ ಮುಟ್ಟುವ ಹಾಗಿಲ್ಲ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಬೆಂಗಳೂರಿಗೆ ಹೋಗಿ, ನಿದ್ದೆಗಣ್ಣಿನಲ್ಲಿ ಬರೆಯಲು ಕೂತದ್ದು ನನ್ನದೇ ತಪ್ಪು. ಒಂದು ದಿನ ಮೊದಲೇ ಹೋಗಿ.

ಓದುವುದಕ್ಕಿಂತ ಮರೆಯುವುದೇ ಜಾಸ್ತಿ ಕಷ್ಟವಾಯಿತು. ಸಂಚಕಾರ ಪತ್ರ (ಮುಂಗಡ ಕೊಟ್ಟು ಮಾಡಿಕೊಳ್ಳುವ ಮಾರಾಟದ ಕರಾರು) ಆದಮಾತ್ರಕ್ಕೆ ಜಮೀನಿನಲ್ಲಿ ಹಕ್ಕು ಹುಟ್ಟುವುದಿಲ್ಲ ಅಂತ ನಾನೇ ಎಷ್ಟು ಕಕ್ಷಿದಾರರಿಗೆ ಹೇಳಿದ್ದೇನೆ. ನಮ್ಮ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಸೆಕ್ಷನ್ ಹೇಳುವುದೂ ಅದನ್ನೇ. ಇಂಗ್ಲೆಂಡಿನಲ್ಲಿ ಮಾರಾಟದ ಕರಾರು ಆದ ಗಳಿಗೆಯಿಂದಲೇ ಕೊಳ್ಳುವವನಿಗೆ ಈಕ್ವಿಟಿಯಲ್ಲಿ, ಅಂದರೆ ನ್ಯಾಯದ ದೃಷ್ಟಿಯಿಂದ ಕೋರ್ಟು ಒಪ್ಪುವ ನಿಯಮಗಳಲ್ಲಿ, ಹಕ್ಕು ಬಂದುಬಿಡುತ್ತದೆ. ಹಾಗೇ, ಕೇಳಿಕೊಂಡವನಿಗೆ ಮೊದಲೇ ಮಾಡಿಕೊಟ್ಟ ಕೆಲಸ ನಮ್ಮ 1872ರ ಕರಾರು ಕಾಯ್ದೆಯಲ್ಲಿ ಪ್ರತಿಫಲವಾಗುತ್ತದೆ (ಮಾತಿಗೆ ಬದಲಾಗಿ ಕೊಟ್ಟದ್ದು, ಕರಾರಿಗೆ ಬಲ ಕೊಡುವುದು); ಅಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ. ಕೈ ಮಾತ್ರ ಹಳೇ ಉತ್ತರಕ್ಕೇ ಹೋಗುತ್ತಿತ್ತು. ಜಮೀನು, ಟ್ರಸ್ಟ್ ಇದ್ದ ಎರಡನೇ ಪೇಪರ್ ಮೊದಲ ಸಲ ಹೋಯಿತು. ದುಬಾರಿ ಕೋಚಿಂಗಿನ ವಿಡಿಯೋ ಬಿಟ್ಟು ಬರೀ ಪ್ರಶ್ನೆ ಬಿಡಿಸುತ್ತ ಕೂತ ಮೇಲೆ ಎರಡನೇ ಸಲ ಬಂತು. ಕಕ್ಷಿದಾರರ ದುಡ್ಡಿನ ಲೆಕ್ಕದ ಪ್ರಶ್ನೆಗಳು ಮಾತ್ರ ಸಲೀಸು. ಅಂಗಡಿ ಮನೆಯಲ್ಲಿ ಬೆಳೆದವನಿಗೆ ಜಮಾ-ಖರ್ಚು ಹೊಸದಲ್ಲ ಅಲ್ವಾ?

ಕೆನಡಾದಲ್ಲಿ ಖರ್ಚು ಒಮ್ಮೆಗೇ ಬೀಳುವುದಿಲ್ಲ. ಪೇಪರಿಗೆ ಇಷ್ಟು ಅಂತ ಕಟ್ಟುತ್ತ ಹೋಗಬಹುದು. ಎಸ್‌ಕ್ಯೂಇ ಮೊದಲ ಹಂತಕ್ಕೇ ಎರಡು ಲಕ್ಷ ರೂಪಾಯಿ ದಾಟುತ್ತದೆ, ಆರು ವರ್ಷದಲ್ಲಿ ಮೂರೇ ಅವಕಾಶ. ಆದರೂ ನಾನು ಇಂಗ್ಲೆಂಡ್ ಹಿಡಿದೆ. ಎನ್‌ಸಿಎ ಮುಗಿದ ಮೇಲೂ ನಾವು ಸೇರುವ ಪ್ರಾಂತ್ಯದ ಬಾರ್ ಪರೀಕ್ಷೆ ಇದೆ, ವಿನಾಯಿತಿ ಸಿಗದಿದ್ದರೆ ಆರ್ಟಿಕ್ಲಿಂಗ್ ಅನ್ನುವ ತರಬೇತಿಯೂ ಇದೆ. ಮತ್ತೆ ಜೂನಿಯರ್ ಆಗಿ ಯಾರದೋ ಕೈಕೆಳಗೆ. ಇಂಗ್ಲೆಂಡಿನಲ್ಲಿ ಈಗಾಗಲೇ ವಕೀಲರಾದವರಿಗೆ ಎರಡು ವರ್ಷದ ಕೆಲಸದ ಅನುಭವ ಬೇಕಿಲ್ಲ. ಎರಡನೇ ಹಂತಕ್ಕೆ ವಿನಾಯಿತಿಯನ್ನೂ ಕೇಳಬಹುದು. ಹೊಸದಾಗಿ ಸನದು ಪಡೆದವರಾದರೆ ಕೆನಡಾ ನೋಡಿ ಅಂತಲೇ ಹೇಳುತ್ತೇನೆ.

ವಿನಾಯಿತಿ ಅರ್ಜಿಗೆ ಪತ್ರ ಬೇಕಿತ್ತು. ನಮ್ಮ ಸೀನಿಯರ್ ಹತ್ತಿರ ಹೋದೆ. ಕನ್ನಡಕದ ಮೇಲಿಂದ ನೋಡಿ, "ಬರದುಕೊಡ್ತೇನಿ ತಗೊ. ಆದ್ರ ಹೋಗೂಕಿಂತ ಮೊದಲ ಆ ಸೋಮವಾರದ ಪಾಟೀಸವಾಲ ಮುಗಿಸಿ ಹೋಗಪಾ" ಅಂದರು.