ಮುರಿದ ಎಕ್ಸಾಸ್ಟ್ ಬೋಲ್ಟ್‌ಗೆ ಈಜಿ ಔಟ್ ಹಾಕಿಸುವ ಮುಂಚೆ ಇದನ್ನು ಓದಿ

ಅರ್ಧ ದಿನದಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ನನ್ನ ಲಾರಿ 19 ದಿನ ನಿಂತಿತು. ಕಾರಣ, ಇಂಜಿನ್ ಹೊಗೆ ಹೊರಗೆ ಒಯ್ಯುವ ಕೊಳವೆಯನ್ನು (ಎಕ್ಸಾಸ್ಟ್ ಮ್ಯಾನಿಫೋಲ್ಡ್) ಇಂಜಿನ್ ಮೇಲ್ಭಾಗಕ್ಕೆ (ಸಿಲಿಂಡರ್ ಹೆಡ್) ಬಿಗಿಯುವ 10 ಮಿಲಿಮೀಟರ್‌ನ ಒಂದು ಬೋಲ್ಟ್. ಅದು ಮುರಿದಾಗ ಹಾಳಾಗಿದ್ದು ಬೋಲ್ಟ್ ಒಂದೇ. ಸಿಲಿಂಡರ್ ಹೆಡ್ ಹಾಳಾಗಿದ್ದು ಆಮೇಲೆ, ನಮ್ಮ ಕೈಯಿಂದಲೇ, ಮುರಿದ ಬೋಲ್ಟ್‌ಗೆ ತೂತು ಕೊರೆದು ಒಳಗೆ ಬಡಿದು ತಿರುಗಿಸಿ ತೆಗೆಯುವ ಈಜಿ ಔಟ್ ಅನ್ನುವ ಕಡ್ಡಿ ಹಾಕಲು ಹೋಗಿ. ಲಾರಿ ಇಟ್ಟುಕೊಂಡವರಿಗೂ ಓಡಿಸುವವರಿಗೂ ಇದು ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಶುರುವಾಗಿದ್ದು ಒಂದು ಸಣ್ಣ ಸದ್ದಿನಿಂದ. ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಟಿಕ್. ಸ್ವಲ್ಪ ದೂರ ಓಡಿಸಿದ ಮೇಲೆ ಸದ್ದು ಮಾಯ. ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಇರಬೇಕು, ಮುಂದಿನ ಸರ್ವೀಸ್‌ನಲ್ಲಿ ನೋಡೋಣ ಅಂತ ಬಿಟ್ಟೆ. ಅದೇ ಮೊದಲ ತಪ್ಪು. ತಣ್ಣಗಿದ್ದಾಗ ಕೇಳಿಸಿ ಬಿಸಿಯಾದ ಮೇಲೆ ನಿಲ್ಲುವ ಸದ್ದು ಬಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಡೆ ಮೊದಲು ನೋಡಬೇಕು. ಬಿಸಿಗೆ ಮ್ಯಾನಿಫೋಲ್ಡ್ ಹಿಗ್ಗುತ್ತದೆ, ಸಂದು ಮುಚ್ಚಿಕೊಳ್ಳುತ್ತದೆ, ಸದ್ದು ಅಡಗುತ್ತದೆ. ಸರಿಹೋಯಿತು ಅಂತ ನಮಗೆ ಅನಿಸುತ್ತದೆ.

ಒಂದು ತಿಂಗಳ ಮೇಲೆ ಕ್ಯಾಬಿನ್ ಎತ್ತಿ ಟಾರ್ಚ್ ಬಿಟ್ಟು ನೋಡಿದೆ. ಕೊನೆಯ ಸಿಲಿಂಡರ್ ಹತ್ತಿರ, ಸಂದು ಮುಚ್ಚುವ ಗ್ಯಾಸ್ಕೆಟ್ ಪದರದ ಅಂಚಿನಲ್ಲಿ, ಕಾಡಿಗೆ ಎಳೆದ ಹಾಗೆ ಕಪ್ಪು ಗೆರೆ. ಅದರ ಪಕ್ಕದಲ್ಲಿ ಬೋಲ್ಟ್‌ನ ತಲೆಯೇ ಇರಲಿಲ್ಲ.

ಅಷ್ಟರಲ್ಲಿ ಆಗಬೇಕಾದ್ದೆಲ್ಲ ಆಗಿತ್ತು. ಹೊಗೆಯ ಬಲದಿಂದ ಇಂಜಿನ್‌ಗೆ ಗಾಳಿ ತುಂಬುವ ಟರ್ಬೊಗೆ ಹೋಗಬೇಕಾದ ಹೊಗೆ ಸಂದಿನಲ್ಲಿ ಸೋರಿ ಏರಿನಲ್ಲಿ ಎಳೆತ ಕಡಿಮೆಯಾಗಿತ್ತು, ಡೀಸೆಲ್ ಜಾಸ್ತಿ ಕುಡಿಯುತ್ತಿತ್ತು. ನನಗೆ ಸಂಜೆ ಹೊತ್ತಿಗೆ ತಲೆನೋವು ಬರುತ್ತಿತ್ತು. ನಿದ್ದೆ ಸಾಲದೆ ಇರಬೇಕು ಅಂದುಕೊಂಡಿದ್ದೆ. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಎಕ್ಸಾಸ್ಟ್ ಸೋರುವ ಲಾರಿಯಲ್ಲಿ ಇಂಜಿನ್ ಆನ್ ಇಟ್ಟುಕೊಂಡು ಯಾರೂ ಮಲಗಬೇಡಿ. ಕ್ಲೀನರ್ ಹುಡುಗನನ್ನೂ ಮಲಗಲು ಬಿಡಬೇಡಿ.

ಸರಿ, ಗ್ಯಾರೇಜ್‌ಗೆ ಹೋದೆ. ಹೆಸರು ಬೇಡ. ಅವರು ಕೆಟ್ಟವರಲ್ಲ, ಅವಸರ ನಂದೂ ಇತ್ತು. ಲೋಡ್ ಕಾಯುತ್ತಿದೆ ಅಂತ ಗಂಟೆಗೊಮ್ಮೆ ಫೋನ್ ಬರುತ್ತಿತ್ತು. ಮೇಸ್ತ್ರಿ ನೋಡಿ, "ಬಿಡಿ ಅಣ್ಣ, ಈಜಿ ಔಟ್ ಹಾಕಿದ್ರೆ ಹತ್ತು ನಿಮಿಷದ ಕೆಲಸ" ಅಂದರು. ನಾನು ಹೂಂ ಅಂದೆ.

ಮ್ಯಾನಿಫೋಲ್ಡ್ ಬಿಚ್ಚಿದಾಗ ಮುರಿದ ಬೋಲ್ಟ್ ಎರಡು ಥ್ರೆಡ್‌ನಷ್ಟು ಹೊರಗೇ ಇತ್ತು. ಎರಡು ಥ್ರೆಡ್! ಅದನ್ನು ಅವರು ಗ್ರೈಂಡರ್ ಹಿಡಿದು ಹೆಡ್‌ನ ಮಟ್ಟಕ್ಕೆ ಸವೆಸಿಬಿಟ್ಟರು, ಡ್ರಿಲ್ ಕೂರಿಸಲು ಚಪ್ಪಟೆ ಬೇಕು ಅಂತ. ಹಿಡಿದು ತಿರುಗಿಸಲು ಇದ್ದ ಒಂದೇ ಆಸರೆ ಕಿಡಿಯಾಗಿ ಹಾರಿಹೋಯಿತು. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಈಗಲೂ ಅದು ನೆನಪಾದರೆ ಹೊಟ್ಟೆ ಉರಿಯುತ್ತದೆ.

ಆಮೇಲೆ ಡ್ರಿಲ್. ಕೊನೆಯ ಬೋಲ್ಟ್ ಆದ್ದರಿಂದ ಮಷಿನ್ ನೇರವಾಗಿ ಹಿಡಿಯಲು ಜಾಗ ಇಲ್ಲ. ಓರೆಯಾಗಿ ಹಿಡಿದರು. ತೂತು ನಡುವಿನಿಂದ ಒಂದು ಕಡೆಗೆ ಸರಿದಿತ್ತು. ಅದರೊಳಗೆ ಈಜಿ ಔಟ್ ಇಟ್ಟು ಸುತ್ತಿಗೆಯಲ್ಲಿ ಬಡಿದು ತಿರುಗಿಸಿದರು. ಒಂದು ಸುತ್ತು ಕೂಡ ಬರಲಿಲ್ಲ. ಬಳೆ ಒಡೆದ ಹಾಗೆ 'ಟಕ್' ಅಂತ ಸದ್ದು. ಈಜಿ ಔಟ್‌ನ ತುದಿ ಬೋಲ್ಟ್ ಒಳಗೇ ಮುರಿದು ಕೂತಿತು.

ಇದು ಯಾಕೆ ಹೀಗೆ ಅಂತ ನನಗೆ ಆಮೇಲೆ ಗೊತ್ತಾಯಿತು. ಈಜಿ ಔಟ್‌ನ ತುದಿ ಮೊನಚು, ಬುಡ ದಪ್ಪ. ಬಡಿದಷ್ಟೂ ಅದು ಬೋಲ್ಟನ್ನು ಒಳಗಿನಿಂದ ಅಗಲಿಸುತ್ತದೆ, ಬೋಲ್ಟ್ ಥ್ರೆಡ್‌ಗೆ ಇನ್ನೂ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಪೂರ್ತಿ ತಲೆ ಇದ್ದರೂ ಪಾನಾಗೆ ಬಾರದಷ್ಟು ಹಿಡಿದುಕೊಂಡ ಬೋಲ್ಟ್, ಅದಕ್ಕಿಂತ ತೆಳ್ಳಗಿನ ಕಡ್ಡಿಗೆ ಬರುತ್ತದಾ ಹೇಳಿ? ಜೊತೆಗೆ ಈಜಿ ಔಟ್ ಕಬ್ಬಿಣ ತುಂಬಾ ಗಟ್ಟಿ. ಬಗ್ಗುವುದಿಲ್ಲ, ಮುರಿಯುತ್ತದೆ. ಮುರಿದರೆ ಮಾಮೂಲಿ ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ. ತುಕ್ಕು ಹಿಡಿಯದೆ ಸುಮ್ನೆ ತುಂಡಾದ ಸಡಿಲ ಬೋಲ್ಟ್‌ಗೆ ಅದು ಸರಿ. ವರ್ಷಗಟ್ಟಲೆ ಬೆಂಕಿಯಲ್ಲಿ ಬೆಂದ ಎಕ್ಸಾಸ್ಟ್ ಬೋಲ್ಟ್‌ಗೆ ಅಲ್ಲ.

ಅಲ್ಲಿಗೇ ನಿಲ್ಲಿಸಿದ್ದರೂ ಹೆಡ್ ಉಳಿಯುತ್ತಿತ್ತು. ನಿಲ್ಲಿಸಲಿಲ್ಲ. ಮತ್ತೆ ಡ್ರಿಲ್ ಹಾಕಿದರು. ಬಿಟ್ ಗಟ್ಟಿ ತುಂಡಿಗೆ ತಾಗಿ ಜಾರಿ, ಪಕ್ಕದ ಮೆತ್ತಗಿನ ಬೀಡು ಕಬ್ಬಿಣಕ್ಕೆ ನುಗ್ಗಿತು. ಮೂರನೇ ಬಿಟ್ ಹಾಕಿದಾಗ ಇದ್ದಕ್ಕಿದ್ದ ಹಾಗೆ ಸಲೀಸಾಗಿ ಒಳಗೆ ಹೋಯಿತು. ಹೊರಗೆ ಎಳೆದರೆ ತೂತಿನಿಂದ ಹಸಿರು ಕೂಲೆಂಟ್ ಎಳೆಯಾಗಿ ಇಳಿಯಿತು. ನೀರು ಓಡಾಡುವ ಜಾಕೆಟ್‌ಗೇ ತೂತು ಬಿದ್ದಿತ್ತು. ಯಾರೂ ಮಾತಾಡಲಿಲ್ಲ.

ಹೆಡ್ ಇಳಿಸಲೇಬೇಕಾಯಿತು. ಹೆಡ್ ರಿಪೇರಿ ಮಾಡುವ ಲೇತ್ ವರ್ಕ್‌ಶಾಪ್‌ಗೆ ತಗೊಂಡು ಹೋದೆ. ಅಲ್ಲಿನ ಹಿರಿಯರು ತೂತು ನೋಡಿ, "ಮೊದಲೇ ತಂದಿದ್ದರೆ ಚೆನ್ನಾಗಿತ್ತಲ್ಲಪ್ಪ" ಅಂದರು, ಅಷ್ಟೇ. ಈಜಿ ಔಟ್ ತುಂಡನ್ನು ಕರೆಂಟ್ ಕಿಡಿಯಿಂದ ಚೂರು ಚೂರೇ ಸವೆಸುವ ಮಷಿನ್‌ನಲ್ಲಿ ತೆಗೆದರು. ತೂತು ದೊಡ್ಡದು ಮಾಡಿ, ಒಳಗೆ ಥ್ರೆಡ್ ಇರುವ ಬುಷ್ (ಸಣ್ಣ ಕೊಳವೆ ತುಂಡು) ಕೂರಿಸಿ, ನೀರು ಸೋರದ ಹಾಗೆ ಸೀಲ್ ಮಾಡಿ, ಹೆಡ್‌ಗೆ ಪ್ರೆಷರ್ ಟೆಸ್ಟ್ ಮಾಡಿದರು. ಹೆಡ್ ಗ್ಯಾಸ್ಕೆಟ್ ಹೊಸದು, ಹೆಡ್ ಬೋಲ್ಟ್ ಹೊಸದು, ಅದು ಬರುವ ತನಕ ಕಾಯುವುದು. ದಿನಗಳು ಹೋಗಿದ್ದು ಹೀಗೆ.

ಇನ್ನು ನಾನು ನಿಜವಾಗಿ ಹೇಳಬೇಕಾದ್ದು. ಮ್ಯಾನಿಫೋಲ್ಡ್ ಬಿಚ್ಚುವಾಗ ಮುಂದಿನ ತುದಿಯ ಬೋಲ್ಟ್ ಕೂಡ ಮುರಿದಿತ್ತು. ಅದನ್ನು ಆ ಹಿರಿಯರು ನನ್ನ ಕಣ್ಣೆದುರೇ ತೆಗೆದರು. ಅದು ಹೆಡ್‌ನ ಮಟ್ಟಕ್ಕೇ ಮುರಿದಿತ್ತು, ಹೊರಗೆ ಏನೂ ಇರಲಿಲ್ಲ. ಮೊದಲು ಅದರ ಮೇಲೆ ಒಂದು ವಾಷರ್ ಇಟ್ಟು, ವಾಷರ್‌ನ ತೂತಿನೊಳಗೆ ವೆಲ್ಡಿಂಗ್ ತುಂಬಿ ಬೋಲ್ಟ್‌ಗೆ ಸೇರಿಸಿದರು. ಅದರ ಮೇಲೆ ನಟ್ ಇಟ್ಟು ನಟ್‌ನ ಒಳಗೂ ತುಂಬಿದರು. ನಟ್ ಕೆಂಡದ ಹಾಗೆ ಕೆಂಪಾಯಿತು. ಆಗ ತಿರುಗಿಸಲಿಲ್ಲ. ಕೆಂಪು ಪೂರ್ತಿ ಹೋಗುವ ತನಕ ಕೈ ಕಟ್ಟಿ ನಿಂತರು. ಆಮೇಲೆ ಮೇಣ ತಾಗಿಸಿದರು, ಅದು ಕರಗಿ ಥ್ರೆಡ್ ಒಳಗೆ ಇಳಿಯಿತು. ಪಾನಾ ಹಾಕಿ ಒಂದು ಕೂದಲೆಳೆಯಷ್ಟು ಮುಂದೆ, ಅಷ್ಟೇ ಹಿಂದೆ. ಮತ್ತೆ ಮುಂದೆ, ಮತ್ತೆ ಹಿಂದೆ. ಮೊದಲ ನಟ್ ಕಿತ್ತು ಬಂತು, ಎರಡನೆಯದೂ ಬಂತು. ಮೂರನೆಯದು ಹಿಡಿಯಿತು. 'ಕಿರ್' ಅಂತ ಸದ್ದು ಬಂದಾಗ ಅವರ ಮುಖ ಅರಳಿತು. ಅರ್ಧ ಗಂಟೆಯೊಳಗೆ ಬೋಲ್ಟ್ ಕೈಯಲ್ಲಿತ್ತು, ಥ್ರೆಡ್‌ಗೆ ಒಂದು ಗೀರೂ ಇಲ್ಲ.

ವೆಲ್ಡಿಂಗ್ ಬಿಸಿಗೆ ಬೋಲ್ಟ್ ಹಿಗ್ಗಲು ನೋಡುತ್ತದೆ, ಸುತ್ತ ಜಾಗ ಇಲ್ಲ. ತಣ್ಣಗಾಗುವಾಗ ಕುಗ್ಗುತ್ತದೆ, ತುಕ್ಕಿನ ಹಿಡಿತ ಬಿಡುತ್ತದೆ. ನಟ್ ಒಂದೆರಡು ಸಲ ಕಿತ್ತು ಬಂದರೆ ಬೇಜಾರಾಗಬೇಡಿ, ಪ್ರತಿ ಸಲದ ಬಿಸಿಯೂ ಕೆಲಸ ಮಾಡಿರುತ್ತದೆ. ಇದನ್ನು ಲಾರಿಯಲ್ಲೇ ಮಾಡಿಸುವುದಾದರೆ ಬ್ಯಾಟರಿ ವೈರ್ ಮತ್ತು ಇಸಿಎಂ (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಪ್ಲಗ್ ಬಿಚ್ಚಿಸಿ, ಅರ್ಥ್ ಕ್ಲಾಂಪ್ ಹೆಡ್‌ಗೇ ಹತ್ತಿರದಲ್ಲಿ ಹಾಕಿಸಿ. ಡೀಸೆಲ್ ಪೈಪ್‌ಗಳನ್ನು ಮುಚ್ಚಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ. ಸತುವಿನ ಲೇಪ ಇರುವ ಬೆಳ್ಳಗಿನ ನಟ್ ಬೇಡ, ಅದರ ಹೊಗೆ ಕೆಟ್ಟದ್ದು. ಸಾದಾ ಕಪ್ಪು ನಟ್ ಸಾಕು.

ಕೊರೆಯದೆ ಬೇರೆ ದಾರಿಯೇ ಇಲ್ಲ ಅಂದಾಗ ಮಾತ್ರ ಡ್ರಿಲ್. ಆಗಲೂ ಬರಿಗೈ ಅಂದಾಜು ಬೇಡ. ಪಕ್ಕದ ಬೋಲ್ಟ್‌ಗಳಿಗೆ ಒಂದು ಪ್ಲೇಟ್ ಬಿಗಿದು, ಅದರಲ್ಲಿ ಗೈಡ್ ಬುಷ್ ಇಟ್ಟು ಸರಿಯಾಗಿ ನಡುವಿಗೆ ಕೊರೆಯಬೇಕು. ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಸಿಗುತ್ತದೆ, ಕೆಲವೊಮ್ಮೆ ಕೊರೆಯುವಾಗಲೇ ಬೋಲ್ಟ್ ಬಿಚ್ಚಿಕೊಂಡು ಬರುತ್ತದೆ. ಎಷ್ಟು ಆಳ ಹೋಗಬೇಕೋ ಅಲ್ಲಿಗೆ ಬಿಟ್‌ಗೆ ಟೇಪ್ ಸುತ್ತಿ. ನಮ್ಮ ಬಿಟ್‌ಗೆ ಟೇಪ್ ಇರಲಿಲ್ಲ.

ಬೋಲ್ಟ್ ಮೊದಲು ಮುರಿದಿದ್ದು ಯಾಕೆ ಅಂತಲೂ ಆ ಹಿರಿಯರು ತೋರಿಸಿಕೊಟ್ಟರು. ಒಂದು ಮೀಟರ್ ಉದ್ದದ ಬೀಡು ಕಬ್ಬಿಣ 100 ಡಿಗ್ರಿ ಬಿಸಿಯಾದರೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಮ್ಯಾನಿಫೋಲ್ಡ್ ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ, ನೀರಿರುವ ಹೆಡ್ ಅಷ್ಟು ಕಾಯುವುದಿಲ್ಲ. ಈ ಎಳೆದಾಟ ಹೆಚ್ಚಾಗಿ ಬೀಳುವುದು ಎರಡು ತುದಿಯ ಬೋಲ್ಟ್‌ಗಳ ಮೇಲೆ. ಅದಕ್ಕೇ ಕಂಪನಿಯವರು ನನ್ನ ಇಂಜಿನ್‌ಗೆ ಎಳೆತಕ್ಕೆ ಸ್ವಲ್ಪ ಬಾಗಿಕೊಡುವ ಉದ್ದ ಬೋಲ್ಟ್, ಅದರ ತಲೆ ಕೆಳಗೆ ಕೊಳವೆಯಂಥ ಸ್ಪೇಸರ್ ಕೊಟ್ಟಿದ್ದರು. ಹಿಂದೆ ಯಾವಾಗಲೋ ಯಾರೋ ಸ್ಪೇಸರ್ ಬಿಸಾಕಿ ಗಿಡ್ಡ ಸಾದಾ ಬೋಲ್ಟ್ ಹಾಕಿದ್ದರು.

ಮ್ಯಾನಿಫೋಲ್ಡ್ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿದರೆ ಅದೂ ಬಾಗಿತ್ತು. ಮಷಿನ್‌ನಲ್ಲಿ ಮುಖ ಮಟ್ಟ ಮಾಡಿಸಿದೆವು. ಸುಮ್ನೆ ಹಾಗೇ ಬಿಗಿದಿದ್ದರೆ ಹೊಸ ಬೋಲ್ಟ್‌ಗಳೂ ಮುರಿಯುತ್ತಿದ್ದವು, ಅಲ್ವಾ? ಎಲ್ಲಾ ಬೋಲ್ಟ್ ಹೊಸದು, ಸ್ಪೇಸರ್ ಸಮೇತ. ಥ್ರೆಡ್‌ಗೆ ಬಿಸಿ ತಡೆಯುವ ನಿಕಲ್ ಪೇಸ್ಟ್. ನಡುವಿನಿಂದ ಶುರು ಮಾಡಿ ತುದಿಗಳ ಕಡೆಗೆ, ಮ್ಯಾನುಯಲ್ ಹೇಳಿದ ಅಳತೆಗೆ, ಬಿಗಿ ಎಷ್ಟು ಅಂತ ಅಳೆಯುವ ಟಾರ್ಕ್ ರೆಂಚ್‌ನಲ್ಲಿ ಬಿಗಿ.

ಒಂದು ವಾರ ಓಡಿಸಿದ ಮೇಲೆ ಇಂಜಿನ್ ತಣ್ಣಗಿದ್ದಾಗ ಮತ್ತೆ ರೆಂಚ್ ಹಾಕಿ ನೋಡಿದೆ. ಹಿಂದಿನ ತುದಿಯ ಎರಡು ಬೋಲ್ಟ್ ಸ್ವಲ್ಪ ಸಡಿಲ ಇದ್ದವು, ಅಳತೆಗೆ ಬಿಗಿದೆ. ಟಾರ್ಚ್ ಬಿಟ್ಟು ನೋಡಿದರೆ ಗ್ಯಾಸ್ಕೆಟ್ ಅಂಚು ಸ್ವಚ್ಛ. ಸಂಜೆಯ ತಲೆನೋವೂ ನಿಂತಿದೆ.