‘ಕೋಡ್ ಪ್ರಕಾರ ಕಟ್ಟಿದ ಮನೆ’ ಅಂದರೆ ಯಾವ ಕೋಡ್ ಅಂತ ಕೇಳಿ

ಹಾಸನದ ಕಡೆ ಕಟ್ಟಿ ಮುಗಿದ ಮನೆ ಕೊಳ್ಳುವವರು ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. ನಮ್ಮದು 30×40 ಸೈಟಿನ ಮನೆ. "ಸಾರ್, ಇದು ಎನರ್ಜಿ ಸೇವಿಂಗ್ ಮನೆ. ಇಸಿಬಿಸಿ ಕೋಡ್ ಪ್ರಕಾರವೇ ಕಟ್ಟಿದ್ದೀವಿ" ಎಂದರು ಬಿಲ್ಡರ್. ಇಸಿಬಿಸಿ ಅಂದರೆ ಕಟ್ಟಡಗಳು ಕರೆಂಟು ಉಳಿಸಲಿ ಅಂತ ಕೇಂದ್ರ ಸರ್ಕಾರ ಮಾಡಿದ ನಿಯಮಾವಳಿ. ಆ ಮಾತು ನಂಬಿ ಜಾಸ್ತಿ ದುಡ್ಡನ್ನೂ ಕೊಟ್ಟೆವು.

ನಾವು ಮನೆ ನೋಡಿದ್ದು ಡಿಸೆಂಬರ್‌ನಲ್ಲಿ. ಬಡವರ ಊಟಿ ಅಲ್ವಾ, ಆಗ ಎಲ್ಲ ಮನೆಯೂ ತಂಪೇ. ಮಾರ್ಚ್ ಬಂದ ಮೇಲೆ ಗೊತ್ತಾಯಿತು. ರಾತ್ರಿ ಹನ್ನೊಂದಾದರೂ ಮೇಲಿನ ರೂಮಿಗೆ ತಾರಸಿಯ ಕಾವು ಇಳಿಯುತ್ತಿತ್ತು. ಫ್ಯಾನ್ ಹಾಕಿದರೆ ಬಿಸಿಗಾಳಿ. ಎಲಿವೇಶನ್ ಚೆಂದ ಕಾಣಲಿ ಅಂತ ಪಶ್ಚಿಮಕ್ಕೆ ದೊಡ್ಡ ಗಾಜು ಹಾಕಿದ್ದಾರೆ. ಅದರಲ್ಲಿ ಮುಕ್ಕಾಲು ಭಾಗ ತೆರೆಯುವುದೇ ಇಲ್ಲ. ಮೇಲೆ ಸಜ್ಜಾ ಕೂಡ ಇಲ್ಲ. ನಮ್ಮ ಅತ್ತೆ ಸಕಲೇಶಪುರದ ಹಂಚಿನ ಮನೆಯಲ್ಲಿ, ಅಟ್ಟದ ಕೆಳಗೆ ಮಲಗಿ ಬೆಳೆದವರು. ಏಪ್ರಿಲ್‌ನಲ್ಲಿ ಚಾಪೆ ತಗೊಂಡು ಕೆಳಗಿನ ಹಾಲ್‌ಗೆ ಬಂದವರು ಮಳೆ ಹಿಡಿಯುವವರೆಗೂ ಮೇಲೆ ಹತ್ತಲಿಲ್ಲ. ನೋಡಿ ತುಂಬಾ ಬೇಜಾರಾಯಿತು.

ಆಮೇಲೆ ಕೂತು ಓದಿದೆ. 2007ರಲ್ಲಿ ಬಂದು 2017ರಲ್ಲಿ ಪರಿಷ್ಕರಣೆಯಾದ ಇಸಿಬಿಸಿ ಇರುವುದು ಆಫೀಸು, ಹೋಟೆಲು, ಆಸ್ಪತ್ರೆಯಂಥ ಕಟ್ಟಡಗಳಿಗೆ. ಮನೆಗಳಿಗೆ ಬೇರೆಯೇ ಇದೆ, 2018ರ ಇಕೋ ನಿವಾಸ್ ಸಂಹಿತಾ. ಅದೂ 2018ರಲ್ಲಿ ಬಂದಾಗ ಇದ್ದದ್ದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಸೈಟುಗಳಿಗೆ. ನಮ್ಮ ಸೈಟು ಸುಮಾರು 111 ಚದರ ಮೀಟರ್. ಬಿಲ್ಡರ್ ಹೇಳಿದ ಕೋಡ್ ನಮ್ಮ ಮನೆಯದೇ ಅಲ್ಲ!

ಆದರೂ ಆ ಸಂಹಿತೆ ಸಣ್ಣ ಮನೆಯವರಿಗೂ ಉಪಯೋಗಕ್ಕೆ ಬರುತ್ತದೆ. ಅದರ ಪ್ರಕಾರ ತಾರಸಿಯ ಯು-ವ್ಯಾಲ್ಯೂ 1.2 ದಾಟಬಾರದು. ಕಾವು ಎಷ್ಟು ಸಲೀಸಾಗಿ ಒಳಗೆ ಬರುತ್ತದೆ ಎಂಬ ಲೆಕ್ಕ ಅದು, ಕಡಿಮೆ ಇದ್ದಷ್ಟೂ ಒಳ್ಳೆಯದು. ಬರೀ ಆರ್‌ಸಿಸಿ ಸ್ಲ್ಯಾಬ್‌ನದು 3ಕ್ಕಿಂತ ಜಾಸ್ತಿ. ನಮ್ಮ ತಲೆ ಮೇಲಿರುವುದು ಬರೀ ಸ್ಲ್ಯಾಬೇ. ಫೋನ್ ಮಾಡಿ ಕೇಳಿದರೆ, "ಎಲ್‌ಇಡಿ ಬಲ್ಬು, ಸೋಲಾರ್ ಹಾಕಿಕೊಟ್ಟಿದ್ದೀವಲ್ಲ ಸಾರ್" ಅಂದರು.

ಹಾಗಾಗಿ ಬಾಯಿಮಾತು ನಂಬಬೇಡಿ. ಸ್ಲ್ಯಾಬ್ ಮೇಲೆ ಕಾವು ತಡೆಯುವ ಪದರ ಏನಿದೆ, ಎಷ್ಟು ದಪ್ಪ ಅಂತ ಅಗ್ರಿಮೆಂಟ್‌ನಲ್ಲೇ ಬರೆಸಿ. ಮನೆ ನೋಡಲು ಬೇಸಿಗೆಯ ಸಂಜೆ ಹೋಗಿ, ಮೇಲಿನ ರೂಮಿನಲ್ಲಿ ಸುಮ್ನೆ ಅರ್ಧ ಗಂಟೆ ಕೂತು ನೋಡಿ. ಪಶ್ಚಿಮದ ಕಿಟಕಿಗಳನ್ನು ಒಂದೊಂದಾಗಿ ತೆರೆಯಿರಿ. ನಾವೀಗ ತಾರಸಿಗೆ ಬಿಳಿ ಸುಣ್ಣ ಬಳಿಸಿ, ಗಾಜಿಗೆ ಹೊರಗಿನಿಂದ ಬಿದಿರಿನ ತಟ್ಟಿ ಕಟ್ಟಿದ್ದೇವೆ. ಸ್ವಲ್ಪ ವಾಸಿ. ಅತ್ತೆ ಮಾತ್ರ ಇನ್ನೂ ಕೆಳಗೇ ಮಲಗುತ್ತಾರೆ.